ಪ್ರಶ್ನೋತ್ತರ: ‘ವರದಿ ಬರುವವರೆಗೆ ಹಾಲು ಕುಡಿಸಬೇಡಿ’ ಎನ್ನುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಾಂಕ್ರಾಮಿಕ ರೋಗ ಹರಡಿರುವಾಗ ಎದೆಹಾಲು ಉಣಿಸುವುದರ ಬಗ್ಗೆ, ಅದರಲ್ಲೂ ಕಲಿಕೆಯ ಹಂತದಲ್ಲಿರುವ ಕಿರಿಯ ವೈದ್ಯರು ತಾಯಂದಿರಿಗೆ ಹೇಳುವ ಮಾತಿನ ಬಗ್ಗೆ ಇದ್ದುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಹೆಸರುಗಳನ್ನೂ ಆಸ್ಪತ್ರೆಗಳ ಹೆಸರುಗಳನ್ನೂ ಕೈಬಿಟ್ಟಿದ್ದೇನೆ.

ಪ್ರಶ್ನೆ: ನಾನು ಎಂಬಿಬಿಎಸ್ ಮುಗಿಸಿ ಗದಗದಲ್ಲಿ ಹೌಸ್ ಸರ್ಜನ್ ಆಗಿದ್ದೇನೆ. ಕೋವಿಡ್ ಬಂದಾಗ ಪಿಯುಸಿ ಓದುತ್ತಿದ್ದೆ. ಹೆರಿಗೆ ವಾರ್ಡಿನಲ್ಲಿ ಜ್ವರ, ಕೆಮ್ಮು ಇರುವ ಬಾಣಂತಿ ಕಂಡರೆ ನಮ್ಮ ಬ್ಯಾಚಿನ ಬಹುತೇಕರ ಬಾಯಿಂದ ಮೊದಲು ಬರುವ ಮಾತು ‘ವರದಿ ಬರುವವರೆಗೆ ಕೂಸಿಗೆ ಹಾಲು ಕುಡಿಸಬೇಡಿ’ ಎಂಬುದು. ಇದೇ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ‘ಮುಂದುವರಿಸಬೇಕು’ ಎಂದು ಎಲ್ಲರೂ ಬರೆಯುತ್ತೇವೆ. ನಾವು ವಹಿಸುತ್ತಿರುವ ಎಚ್ಚರಿಕೆ ತಪ್ಪೇ?

ಉತ್ತರ: ಎಚ್ಚರಿಕೆ ತಪ್ಪಲ್ಲ, ಆದರೆ ನೀವು ಹೇಳುತ್ತಿರುವುದು ಎಚ್ಚರಿಕೆಯ ಮಾತು ಹೌದೋ ಅಲ್ಲವೋ ಎಂಬುದನ್ನು ನೋಡಬೇಕು. ಹುಟ್ಟಿದ ಒಂದು ಗಂಟೆಯೊಳಗೆ ಮೊದಲ ಹಾಲು, ಆರು ತಿಂಗಳವರೆಗೆ ಎದೆಹಾಲೊಂದೇ, ಅನಂತರ ಮೇಲಾಹಾರದೊಂದಿಗೆ ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಎಂಬುದು ನಿಮಗೆಲ್ಲ ಬಾಯಿಪಾಠವಾಗಿದೆ. ಗೊತ್ತಿದ್ದೂ ವಾರ್ಡಿನಲ್ಲಿ ಬೇರೆ ಮಾತು ಬರುತ್ತದೆ ಎಂದು ನೀವೇ ಬರೆದಿದ್ದೀರಿ. ಆದ್ದರಿಂದ ಇದನ್ನು ತಿಳಿವಳಿಕೆಯ ಕೊರತೆ ಎಂದು ನಾನು ಒಪ್ಪುವುದಿಲ್ಲ. ನೀವು ‘ಕುಡಿಸಿರಿ’ ಎಂದು ಹೇಳಿದ ಮೇಲೆ ಕೂಸಿಗೆ ಜ್ವರ ಬಂದರೆ ಮರುದಿನ ಬೆಳಗಿನ ರೌಂಡ್ಸಿನಲ್ಲಿ ‘ಯಾರು ಹೇಳಿದ್ದು?’ ಎಂಬ ಪ್ರಶ್ನೆ ಏಳುತ್ತದೆ ಮತ್ತು ನಿಮ್ಮ ಹೆಸರು ಬರುತ್ತದೆ. ನೀವು ‘ಬೇಡ’ ಎಂದು ಹೇಳಿದ ಮೇಲೆ ತಾಯಿಯ ಎದೆ ಕಟ್ಟಿ, ಹಾಲು ಕಡಿಮೆಯಾಗಿ, ಮನೆಯವರು ಡಬ್ಬಿಯ ಹಾಲಿಗೆ ಹೋಗಿ, ತಿಂಗಳೆರಡು ಕಳೆದು ಆ ಕೂಸು ಭೇದಿಯಿಂದ ಬೇರೊಂದು ಆಸ್ಪತ್ರೆ ಸೇರಿದರೆ, ಅಲ್ಲಿನ ಕೇಸ್‌ಶೀಟಿನಲ್ಲಿ ನಿಮ್ಮ ಹೆಸರು ಇರುವುದಿಲ್ಲ. ಮಾಡಿದ್ದರಿಂದ ಆಗುವ ಹಾನಿಗೆ ಲೆಕ್ಕ ಕೇಳುವವರಿದ್ದಾರೆ, ಮಾಡದೆ ಬಿಟ್ಟದ್ದರಿಂದ ಆಗುವ ಹಾನಿಗೆ ಇಲ್ಲ. ಕಿರಿಯ ವೈದ್ಯರ ಅಂಜಿಕೆ ಹುಟ್ಟುವುದು ಇಲ್ಲಿ, ಮತ್ತು ಅದನ್ನು ಹುಟ್ಟಿಸುವವರಲ್ಲಿ ನಮ್ಮಂಥ ಹಿರಿಯರೂ ಇದ್ದೇವೆ.

ಕೋವಿಡ್ ಕಾಲದಲ್ಲಿ ಹಿರಿಯರೂ ಹೀಗೆಯೇ ಅಂಜಿದ್ದರು. 2020ರ ಆರಂಭದಲ್ಲಿ ಚೀನಾದ ತಜ್ಞರು ಸೋಂಕಿತ ತಾಯಿಯಿಂದ ಕೂಸನ್ನು 14 ದಿನ ಬೇರೆ ಇಡಬೇಕೆಂದು ಸೂಚಿಸಿದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಅದೇ ಏಪ್ರಿಲ್‌ನಲ್ಲಿ ತಾತ್ಕಾಲಿಕವಾಗಿ ಬೇರೆ ಇಡುವ ಕಡೆಗೇ ವಾಲಿತು, ಜುಲೈ ತಿಂಗಳಲ್ಲಿ ಆ ಸಲಹೆಯನ್ನು ಬದಲಿಸಿ ತಾಯಿ ಮತ್ತು ಕೂಸು ಒಂದೇ ಕೋಣೆಯಲ್ಲಿ ಇರಬಹುದೆಂದು ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಇಬ್ಬರನ್ನೂ ಒಟ್ಟಿಗೆ ಇಟ್ಟು, ಮಾಸ್ಕ್ ಧರಿಸಿ, ಕೈ ತೊಳೆದು ಹಾಲುಣಿಸಬೇಕೆಂಬ ನಿಲುವಿನಲ್ಲಿ ನಿಂತು, ಅದರ ಕಾರಣಗಳನ್ನು 2020ರ ಜೂನ್ 23ರ ವೈಜ್ಞಾನಿಕ ಟಿಪ್ಪಣಿಯಲ್ಲಿ ವಿವರಿಸಿತು. ನಮ್ಮ ದೇಶದ ಪ್ರಸೂತಿ ತಜ್ಞರ ಒಕ್ಕೂಟ, ನವಜಾತ ಶಿಶು ತಜ್ಞರ ವೇದಿಕೆ ಮತ್ತು ಮಕ್ಕಳ ವೈದ್ಯರ ಅಕಾಡೆಮಿ ಸೇರಿ ಹೊರಡಿಸಿದ ಮಾರ್ಗಸೂಚಿಯೂ, ತಾಯಿ ಮತ್ತು ಕೂಸು ಇಬ್ಬರ ಸ್ಥಿತಿ ಸ್ಥಿರವಾಗಿದ್ದರೆ ಎದೆಗೇ ಹಾಕಿ ಕುಡಿಸಬಹುದು, ಅದು ಸಾಧ್ಯವಾಗದಿದ್ದರೆ ಹಿಂಡಿದ ಹಾಲನ್ನು ಕೊಡಬಹುದು ಎಂದು ಹೇಳಿತು. ನೀವು ಕಾಲೇಜು ಸೇರುವ ಹೊತ್ತಿಗೆ ಸಲಹೆಗಳು ಒಂದು ನೆಲೆಗೆ ಬಂದಿದ್ದವು. ಆದರೂ ಟಿವಿಯಲ್ಲಿ ಕಂಡ ಗಾಜಿನಾಚೆಯ ಕೂಸಿನ ಚಿತ್ರವೇ ಹಲವರ ಮನಸ್ಸಿನಲ್ಲಿ ಉಳಿದುಬಿಟ್ಟಂತಿದೆ.

ಆ ವರ್ಷದ ಒಂದು ಅಧ್ಯಯನ ಈ ಚರ್ಚೆಗೆ ತುಂಬ ಉಪಯುಕ್ತವಾಗಿದೆ. ಅಮೆರಿಕದಲ್ಲಿ ಸೋಂಕಿತರಾದ 18 ತಾಯಂದಿರ 64 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ ಒಂದೇ ಒಂದು ಮಾದರಿಯಲ್ಲಿ ವೈರಾಣುವಿನ ಆರ್‌ಎನ್‌ಎ, ಅಂದರೆ ಅದರ ಆನುವಂಶಿಕ ವಸ್ತು, ಸಿಕ್ಕಿತು, ಮತ್ತು ಆ ಮಾದರಿಯಲ್ಲೂ ಬೆಳೆಯಬಲ್ಲ ವೈರಾಣು ಇರಲಿಲ್ಲ. ಪಿಸಿಆರ್ ಪರೀಕ್ಷೆಯಲ್ಲಿ ‘ಪಾಸಿಟಿವ್’ ಬಂದ ಮಾತ್ರಕ್ಕೆ ಅಲ್ಲಿ ಸೋಂಕು ಹರಡಬಲ್ಲ ವೈರಾಣು ಇದೆ ಎಂದಾಗುವುದಿಲ್ಲ ಎಂಬುದನ್ನು ಎರಡನೆಯ ವರ್ಷದ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಓದಿರುತ್ತೀರಿ. ಕೋವಿಡ್ ಆಗಲಿ, ಎಚ್1ಎನ್1 ಮುಂತಾದ ಫ್ಲೂ ಆಗಲಿ ತಾಯಿಯಿಂದ ಕೂಸಿಗೆ ದಾಟುವುದು ಮುಖ್ಯವಾಗಿ ಕೆಮ್ಮು ಮತ್ತು ಸೀನಿನ ಹನಿಗಳಿಂದ, ತೊಳೆಯದ ಕೈಗಳಿಂದ. ಹಾಲು ಆ ದಾರಿಯಲ್ಲ. ಜ್ವರ ಕಾಣಿಸಿಕೊಳ್ಳುವ ಮೊದಲೇ ತಾಯಿ ಸೋಂಕು ಹರಡುತ್ತಿರುವ ಸಂಭವವಿರುವುದರಿಂದ, ನೀವು ‘ಬೇಡ’ ಎನ್ನುವ ಹೊತ್ತಿಗೆ ಕೂಸು ಆ ಉಸಿರಿಗೆ ಈಗಾಗಲೇ ಒಡ್ಡಿಕೊಂಡಿರುತ್ತದೆ. ಆಗ ಹಾಲು ನಿಲ್ಲಿಸಿದರೆ, ರೋಗಾಣುವಿನ ವಿರುದ್ಧ ತಾಯಿಯ ದೇಹ ತಯಾರಿಸುವ ಐಜಿಎ ಪ್ರತಿಕಾಯಗಳು ಕೂಸಿಗೆ ಅತ್ಯಂತ ಬೇಕಾದ ದಿನಗಳಲ್ಲಿಯೇ ಸಿಗದಂತೆ ಆಗುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಬೇರೆ ಇಡುವುದಕ್ಕೂ ಬೆಲೆಯಿದೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 1 ಕಿಲೋದಿಂದ 1.8 ಕಿಲೋದೊಳಗಿನ ತೂಕದ ಕೂಸುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೊರಗಿಸಿ ಇಟ್ಟ ಗುಂಪಿನಲ್ಲಿ 28 ದಿನಗಳೊಳಗಿನ ಸಾವು ನೂರಕ್ಕೆ 12 ಇದ್ದರೆ, ಮೊದಲು ಬೇರೆ ಇಟ್ಟು ಸ್ಥಿತಿ ಸುಧಾರಿಸಿದ ಮೇಲೆ ತಾಯಿಗೆ ಕೊಟ್ಟ ಗುಂಪಿನಲ್ಲಿ ಅದು 15.7 ಇತ್ತು. ಅದು ಸೋಂಕಿನ ಅಧ್ಯಯನವಲ್ಲ ಎಂಬುದು ನಿಜ. ಆದರೆ ‘ಎರಡು ದಿನ ಬೇರೆ ಇಟ್ಟರೆ ಏನು ಹೋಗುತ್ತದೆ’ ಎಂದು ಕೇಳುವವರಿಗೆ, ಸಣ್ಣ ಕೂಸುಗಳ ಮಟ್ಟಿಗೆ ಅದು ಉತ್ತರ ಕೊಡುತ್ತದೆ.

ನನ್ನ ಸಲಹೆ ಇಷ್ಟು. ‘ಹಾಲು ನಿಲ್ಲಿಸಿ’ ಎಂಬುದನ್ನು ಬಾಯಿಮಾತಿನ ಎಚ್ಚರಿಕೆಯಾಗಿ ನೋಡದೆ, ಔಷಧಿಯ ಆದೇಶವೆಂದು ತಿಳಿದು ಕೇಸ್‌ಶೀಟಿನಲ್ಲಿ ಬರೆಯಿರಿ. ಯಾವ ರೋಗಕ್ಕೆ, ಯಾವ ಕಾರಣದಿಂದ, ಎಷ್ಟು ಗಂಟೆಯವರೆಗೆ, ಅಷ್ಟರವರೆಗೆ ಕೂಸಿಗೆ ಏನನ್ನು ಯಾವುದರಿಂದ ಕುಡಿಸಬೇಕು, ತಾಯಿ ದಿನಕ್ಕೆ ಎಷ್ಟು ಸಲ ಹಾಲು ಹಿಂಡಬೇಕು, ಮತ್ತೆ ಎಂದು ಶುರು ಮಾಡಬೇಕು ಎಂಬುದನ್ನೆಲ್ಲ ಬರೆದು ಸಹಿ ಮಾಡಬೇಕಾಗಿ ಬಂದರೆ, ಹತ್ತರಲ್ಲಿ ಒಂಬತ್ತು ಸಲ ಪೆನ್ನು ಅರ್ಧಕ್ಕೇ ನಿಲ್ಲುತ್ತದೆ ಎಂಬುದು ನನ್ನ ಅಂದಾಜು. ಬರೆಯಲು ಕಾರಣ ಸಿಗುವುದಿಲ್ಲ. ನಿಜವಾದ ಕಾರಣಗಳು ಬೆರಳೆಣಿಕೆಯಷ್ಟು: ಎಬೋಲಾ, ಎಚ್‌ಟಿಎಲ್‌ವಿ ಎಂಬ ವೈರಾಣುವಿನ ಸೋಂಕು, ಮೊಲೆಯ ಮೇಲೆಯೇ ಹರ್ಪಿಸ್ ಗುಳ್ಳೆಗಳಿದ್ದರೆ ಆ ಬದಿಯ ಹಾಲು, ಹೆರಿಗೆಗೆ ಐದು ದಿನ ಮೊದಲಿನಿಂದ ಎರಡು ದಿನದ ನಂತರದವರೆಗೆ ತಾಯಿಗೆ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್, ಬಂದರೆ ಸ್ವಲ್ಪ ಕಾಲ ಪ್ರತ್ಯೇಕ ವಾಸ. ಕೊನೆಯದರಲ್ಲೂ ಎದೆಯ ಮೇಲೆ ಗುಳ್ಳೆಗಳಿಲ್ಲದಿದ್ದರೆ ಹಿಂಡಿದ ಹಾಲನ್ನು ಕೊಡಬಹುದು. ಎಂಪಾಕ್ಸ್‌ನಲ್ಲಿ, ಅಂದರೆ ಮಂಕಿಪಾಕ್ಸ್‌ನಲ್ಲಿ, ಪ್ರತಿ ತಾಯಿಯ ಸ್ಥಿತಿ ನೋಡಿ ತೀರ್ಮಾನಿಸಬೇಕಾಗುತ್ತದೆ. ಇವುಗಳಲ್ಲಿ ಯಾವುದಾದರೂ ಅನುಮಾನವಿದ್ದರೆ ಹಿರಿಯರನ್ನು ಎಬ್ಬಿಸಿ ಕೇಳಿ, ರಾತ್ರಿ ಎರಡು ಗಂಟೆಯಾದರೂ ಸರಿ.

ಇನ್ನು ಫ್ಲೂ ಅಥವಾ ಕೋವಿಡ್ ಅನುಮಾನವಿರುವ ಬಾಣಂತಿಯ ಹಾಸಿಗೆಯ ಪಕ್ಕ ಏನು ಮಾಡಬೇಕು? ಅವಳ ಸೆರಗನ್ನು ಗಮನಿಸಿ. ನಮ್ಮ ಕಡೆ ತಾಯಂದಿರು ಕೆಮ್ಮು ಬಂದಾಗ ಬಾಯಿಗೆ ಅಡ್ಡ ಹಿಡಿಯುವುದು ಸೆರಗನ್ನೇ, ಆಮೇಲೆ ಕೂಸಿನ ಕಟಬಾಯಿಯಿಂದ ಸೋರಿದ ಹಾಲನ್ನು ಒರೆಸುವುದೂ ಅದೇ ಸೆರಗಿನ ಅದೇ ಚುಂಗಿನಿಂದ. ಮಾಸ್ಕ್ ಕೊಟ್ಟು ಬಂದೆವು ಎಂದು ನೀವು ನೆಮ್ಮದಿಯಿಂದ ಇರುತ್ತೀರಿ, ಸೋಂಕು ಸೆರಗಿನಲ್ಲಿ ದಾಟುತ್ತಿರುತ್ತದೆ. ಕೂಸಿಗೆಂದೇ ಒಗೆದ ಬಟ್ಟೆಯ ತುಂಡೊಂದನ್ನು ಬೇರೆ ಇಡಲು ಹೇಳಿ. ಕುಡಿಸುವ ಮೊದಲು ಸೋಪು ಹಚ್ಚಿ 40ರಿಂದ 60 ಸೆಕೆಂಡು ಕೈ ತೊಳೆಯಲು ಹೇಳಿ. ಒದ್ದೆಯಾದ ಮಾಸ್ಕನ್ನು ಬದಲಿಸಲು ಹೇಳಿ. ಕೂಸಿನ ಮುಖಕ್ಕೆ ಮಾತ್ರ ಮಾಸ್ಕ್ ಹಾಕಬಾರದು, ಉಸಿರು ಕಟ್ಟುತ್ತದೆ. ಆಮೇಲೆ ಐದು ನಿಮಿಷ ನಿಂತು ಕೂಸು ಮೊಲೆ ಹಿಡಿದಿರುವ ರೀತಿಯನ್ನು ನೋಡಿ: ಬಾಯಿ ಅಗಲವಾಗಿ ತೆರೆದಿದೆಯೇ, ಕೆಳತುಟಿ ಹೊರಕ್ಕೆ ಮಡಚಿದೆಯೇ, ಗದ್ದ ಎದೆಗೆ ತಾಗಿದೆಯೇ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತಿದೆಯೇ. ಸಿಸೇರಿಯನ್ ಆದವಳಿಗೆ ಮಗ್ಗುಲಾಗಿ ಮಲಗಿಕೊಂಡೇ ಕುಡಿಸಲು ತೋರಿಸಿಕೊಡಿ. ಮೊದಲ ದಿನದ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ 5–7 ಮಿಲಿಲೀಟರ್ ಹಾಲು ಸಾಕು ಎಂದು ಅಜ್ಜಿಗೂ ಕೇಳಿಸುವಂತೆ ಹೇಳಿ. ಇಲ್ಲದಿದ್ದರೆ ‘ಹಾಲು ಸಾಲುತ್ತಿಲ್ಲ’ ಎಂದು ನೀವು ಬೆನ್ನು ತಿರುಗಿಸಿದ ಕೂಡಲೇ ಜೇನುತುಪ್ಪವೋ ಸಕ್ಕರೆ ನೀರೋ ಬರುತ್ತದೆ.

ಆದರೆ ಎಲ್ಲ ದೋಷವನ್ನೂ ಅಜ್ಜಿಯರ ತಲೆಗೆ ಕಟ್ಟುವುದು ನಮ್ಮ ವೃತ್ತಿಯ ಹಳೆಯ ಚಾಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 88.6 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ಒಂದು ಗಂಟೆಯೊಳಗೆ ಎದೆಹಾಲು ಸಿಗುತ್ತಿರುವುದು ಮಾತ್ರ ನೂರಕ್ಕೆ 41.8 ಕೂಸುಗಳಿಗೆ. ಆ ಮೊದಲ ಗಂಟೆಯಲ್ಲಿ ಕೂಸು ಇರುವುದು ಅಜ್ಜಿಯ ಕೈಯಲ್ಲಲ್ಲ, ನಮ್ಮ ಕೈಯಲ್ಲಿ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ಬಾಣಂತನಕ್ಕೆ ಬಂದಿರುವ ಮಗಳಿಗೆ ಹೆರಿಗೆಯಾಗಿ ಮೂರು ವಾರದ ನಂತರ ಡೆಂಗಿ ಜ್ವರ ಬಂತು. ಆಸ್ಪತ್ರೆಯಲ್ಲಿ ಒಬ್ಬ ಸಣ್ಣ ಡಾಕ್ಟರು ‘ಹಾಲ ಬಿಡಸ್ರಿ, ಕೂಸಿಗೂ ಜ್ವರ ಬರ್ತೈತಿ’ ಎಂದರು. ನಾಲ್ಕು ದಿನ ಬಿಡಿಸಿದೆವು. ಬಿಡುಗಡೆಯ ದಿನ ದೊಡ್ಡ ಡಾಕ್ಟರು ಬಂದು ಯಾಕೆ ಬಿಡಿಸಿದಿರಿ ಎಂದು ನಮ್ಮನ್ನೇ ಗದರಿದರು. ಈಗ ಹಾಲು ಬಹಳ ಕಡಿಮೆಯಾಗಿದೆ, ಕೂಸು ಎದೆಗೆ ಹಾಕಿದರೆ ಅಳುತ್ತದೆ. ಯಾರ ಮಾತು ಸರಿ? ಹಾಲು ಮತ್ತೆ ಬರುತ್ತದೆಯೇ?

ಉತ್ತರ: ದೊಡ್ಡ ಡಾಕ್ಟರ ಮಾತು ಸರಿ, ಅವರು ಗದರಿದ್ದು ಸರಿಯಲ್ಲ. ಗದರಬೇಕಾಗಿದ್ದರೆ ತಮ್ಮ ಘಟಕದ ಕಿರಿಯರನ್ನು, ಅದೂ ನಿಮ್ಮೆದುರಿಗಲ್ಲ. ಒಂದೇ ಆಸ್ಪತ್ರೆಯಲ್ಲಿ ಇಬ್ಬರು ಎರಡು ಮಾತು ಹೇಳಿದರೆ ಅದು ಆಸ್ಪತ್ರೆಯ ಕೊರತೆ, ಬಾಣಂತಿಯ ಮನೆಯವರದಲ್ಲ.

ಡೆಂಗಿ ಹರಡುವುದು ಸೊಳ್ಳೆಯಿಂದ. ಅದಕ್ಕಾಗಿ ಎದೆಹಾಲು ನಿಲ್ಲಿಸುವ ಅಗತ್ಯವಿಲ್ಲ, ಚಿಕೂನ್‌ಗುನ್ಯಕ್ಕೂ ಇಲ್ಲ. ತಾಯಿಗೆ ನೀರು, ಗಂಜಿ, ಎಳನೀರು, ಮಜ್ಜಿಗೆ ಹೆಚ್ಚು ಕೊಡಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದು ಹಾಲುಣಿಸುವವರಿಗೂ ಸುರಕ್ಷಿತ. ಡೆಂಗಿಯಲ್ಲಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ತಾಯಿ ತೀರಾ ನಿತ್ರಾಣವಾಗಿದ್ದರೆ ಅವಳು ಮಲಗಿದ್ದಂತೆಯೇ ಯಾರಾದರೂ ಕೂಸನ್ನು ಹಿಡಿದು ಎದೆಗೆ ಹಾಕಬಹುದು. ಇಲ್ಲಿ ನಿಜವಾದ ಅಪಾಯ ಮನೆಯ ಪೀಪಾಯಿಯಲ್ಲಿದೆ. ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಅನೇಕ ಊರುಗಳಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲವಾದ್ದರಿಂದ ಪೀಪಾಯಿ, ಹಂಡೆ, ಸಿಮೆಂಟಿನ ತೊಟ್ಟಿಗಳಲ್ಲಿ ತುಂಬಿಡುತ್ತೇವೆ. ಡೆಂಗಿಯ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲಿಯೇ, ಅದು ಕಚ್ಚುವುದು ಹಗಲಿನಲ್ಲಿ. ಜ್ವರದ ಮೊದಲ ಐದಾರು ದಿನ ತಾಯಿಯನ್ನು ಕಚ್ಚಿದ ಸೊಳ್ಳೆ ಕೆಲವು ದಿನಗಳ ಬಳಿಕ ಮನೆಯ ಇತರರಿಗೂ ಕೂಸಿಗೂ ರೋಗ ತಗುಲಿಸಬಲ್ಲದು. ಆದ್ದರಿಂದ ಹಗಲಿನಲ್ಲೂ ತಾಯಿ ಮತ್ತು ಕೂಸು ಇಬ್ಬರೂ ಸೊಳ್ಳೆಪರದೆಯೊಳಗೆ ಇರಬೇಕಿತ್ತು. ಆ ಸಣ್ಣ ಡಾಕ್ಟರು ಹಾಲು ಬಿಡಿಸುವ ಬದಲು ಸೊಳ್ಳೆಪರದೆ ಕಟ್ಟಿಸಿದ್ದರೆ ಅವರ ಕಾಳಜಿ ಸಾರ್ಥಕವಾಗುತ್ತಿತ್ತು. ಇನ್ನೊಂದು ಮಾತು: ಡೆಂಗಿ ಹೆರಿಗೆಯ ಹೊತ್ತಿಗೇ ಬಂದಿದ್ದರೆ ಗರ್ಭದಲ್ಲಿಯೇ ಕೂಸಿಗೆ ಸೋಂಕು ದಾಟಿರುವ ಸಾಧ್ಯತೆ ಇರುವುದರಿಂದ ಅಂಥ ಕೂಸನ್ನು ಕೆಲವು ದಿನ ಆಸ್ಪತ್ರೆಯಲ್ಲಿ ನಿಗಾದಲ್ಲಿ ಇಡುತ್ತೇವೆ, ಆಗಲೂ ಹಾಲು ನಿಲ್ಲಿಸುವುದಿಲ್ಲ. ನಿಮ್ಮ ಮಗಳ ವಿಷಯದಲ್ಲಿ ಆ ಪ್ರಶ್ನೆ ಇಲ್ಲ.

ಹಾಲು ಮತ್ತೆ ಬರುತ್ತದೆ, ನಾಲ್ಕು ದಿನದ ಅಂತರ ದೊಡ್ಡದಲ್ಲ. ಎದೆಗೆ ಎಷ್ಟು ಸಲ ಕೂಸು ಬೀಳುತ್ತದೆಯೋ ಅಷ್ಟು ಹಾಲು ಕೂಡುತ್ತದೆ. ಹಗಲು ರಾತ್ರಿ ಸೇರಿ 8ರಿಂದ 12 ಸಲ ಎದೆಗೆ ಹಾಕಬೇಕು, ರಾತ್ರಿಯ ಹಾಲನ್ನು ತಪ್ಪಿಸಬಾರದು, ಏಕೆಂದರೆ ಹಾಲು ಉತ್ಪತ್ತಿ ಮಾಡುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯಲ್ಲಿ ಹೆಚ್ಚು. ಕೂಸಿನ ಬಟ್ಟೆ ತೆಗೆದು ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ ಮೇಲೊಂದು ಹೊದಿಕೆ ಹಾಕಿ. ಎದೆ ಚೀಪಲು ಬೇಸರಪಟ್ಟು ಅಳುವ ಕೂಸಿಗೆ ಒಂದು ಉಪಾಯವಿದೆ, ಅದಕ್ಕೆ ನಿಮ್ಮ ಕೈ ಬೇಕು: ಮಗಳು ಕೂಸನ್ನು ಎದೆಗೆ ಹಿಡಿದಿರುವಾಗ ನೀವು ಹಿಂಡಿದ ಹಾಲನ್ನು ಚಮಚದಿಂದ ಎದೆಯ ಮೇಲ್ಭಾಗದಿಂದ ಹನಿಹನಿಯಾಗಿ ಬಿಡಿ, ಅದು ತೊಟ್ಟಿನ ಕಡೆಗೆ ಇಳಿದು ಕೂಸಿನ ಬಾಯಿಗೆ ಸಿಗುತ್ತದೆ, ಚೀಪಿದರೆ ಹಾಲು ಬರುತ್ತದೆ ಎಂದು ಕೂಸಿಗೆ ಮತ್ತೆ ಗೊತ್ತಾಗುತ್ತದೆ. ಸದ್ಯಕ್ಕೆ ಮೇಲಿನ ಹಾಲು ಬೇಕೇ ಆದರೆ ಅದನ್ನು ಮಕ್ಕಳ ವೈದ್ಯರು ಹೇಳಿದ ಪ್ರಮಾಣದಲ್ಲಿ ಒಳಲೆಯಿಂದಲೋ ಬಟ್ಟಲಿನಿಂದಲೋ ಕೊಡಿ, ಬಾಟಲಿ ಬೇಡ. ದಿನಕ್ಕೆ ಆರು ಸಲ ಅಥವಾ ಹೆಚ್ಚು ಉಚ್ಚೆ ಹೊಯ್ಯುತ್ತಿದ್ದರೆ, ತೂಕ ದಿನಕ್ಕೆ 25–30 ಗ್ರಾಂನಂತೆ ಏರುತ್ತಿದ್ದರೆ ಮೇಲಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬನ್ನಿ. ತೂಕವನ್ನು ಅಂಗನವಾಡಿಯಲ್ಲಿಯೋ ಆರೋಗ್ಯ ಕೇಂದ್ರದಲ್ಲಿಯೋ ವಾರಕ್ಕೊಮ್ಮೆ ನೋಡಿಸಿ. ಉಚ್ಚೆ ಕಡಿಮೆಯಾದರೆ ಅಥವಾ ಕೂಸು ಮಂಕಾದರೆ ಅದೇ ದಿನ ತೋರಿಸಿ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಸಮುದಾಯ ವೈದ್ಯಶಾಸ್ತ್ರ ಬೋಧಿಸುತ್ತೇನೆ. ಸಾಂಕ್ರಾಮಿಕ ಕಾಲದಲ್ಲಿ ಎದೆಹಾಲು ಉಣಿಸುವುದರ ಬಗ್ಗೆ ನಮ್ಮ ಅಂತಿಮ ವರ್ಷದ ವಿದ್ಯಾರ್ಥಿಗಳ ಮತ್ತು ಇಂಟರ್ನ್‌ಗಳ ಮನೋಭಾವವನ್ನು ಅಳೆಯಬೇಕೆಂದಿದ್ದೇನೆ. ಹೇಗೆ ಕೇಳಿದರೆ ನಿಜ ಹೊರಬೀಳುತ್ತದೆ?

ಉತ್ತರ: ಸಿದ್ಧ ಮಾಪಕವೊಂದು ಇದೆ. 1999ರಲ್ಲಿ ಪ್ರಕಟವಾದ ಅಯೋವಾ ಶಿಶು ಆಹಾರ ಮನೋಭಾವ ಮಾಪಕದಲ್ಲಿ 17 ಹೇಳಿಕೆಗಳಿವೆ, ಪ್ರತಿಯೊಂದಕ್ಕೂ ಐದು ಹಂತದ ಒಪ್ಪಿಗೆ, ಒಟ್ಟು ಅಂಕ 17ರಿಂದ 85ರವರೆಗೆ. ಹೆಚ್ಚು ಅಂಕ ಬಂದಷ್ಟೂ ಎದೆಹಾಲಿನ ಕಡೆಗೆ ಒಲವು ಹೆಚ್ಚು ಎಂದರ್ಥ. ಅದನ್ನು ಬಳಸುವುದಾದರೆ ಬಳಸಿ, ಬೇರೆ ಕಡೆಯ ಅಧ್ಯಯನಗಳೊಡನೆ ಹೋಲಿಸಲು ಬರುತ್ತದೆ. ಆದರೆ ಅದರಲ್ಲಿ ಸಾಂಕ್ರಾಮಿಕದ ಪ್ರಶ್ನೆ ಇಲ್ಲ, ಮತ್ತು ಅಮೆರಿಕದ ತಾಯಂದಿರಿಗಾಗಿ ಬರೆದ ಹೇಳಿಕೆಗಳು ಕುಂದಗೋಳದ ಬಾಣಂತಿಯನ್ನು ನೋಡಬೇಕಾದ ವೈದ್ಯನ ಮನಸ್ಸನ್ನು ಪೂರ್ತಿ ತೆರೆದಿಡುವುದಿಲ್ಲ.

‘ಎದೆಹಾಲು ಶ್ರೇಷ್ಠವೇ?’ ಎಂದು ವೈದ್ಯಕೀಯ ವಿದ್ಯಾರ್ಥಿಯನ್ನು ಕೇಳಿದರೆ ‘ಹೌದು’ ಎಂದೇ ಉತ್ತರ ಬರುತ್ತದೆ. 2019ರಿಂದ ಜಾರಿಯಲ್ಲಿರುವ ಸಾಮರ್ಥ್ಯ ಆಧಾರಿತ ಪಠ್ಯಕ್ರಮದಲ್ಲಿ ಮಕ್ಕಳ ವಿಭಾಗದ ಕೆಳಗೆ ಎದೆಹಾಲಿಗೆ ಪ್ರತ್ಯೇಕ ಅಧ್ಯಾಯವೇ ಇರುವಾಗ ಬೇರೆ ಉತ್ತರವನ್ನು ಯಾರು ಗುರುತು ಹಾಕುತ್ತಾರೆ? ಆದ್ದರಿಂದ ಸನ್ನಿವೇಶಗಳನ್ನು ಕೊಡಿ. ರಾತ್ರಿ ಒಂದೂವರೆ ಗಂಟೆ, ಸಿಸೇರಿಯನ್ ಆಗಿ ಹದಿನೆಂಟು ಗಂಟೆ, ತಾಯಿಗೆ 101 ಡಿಗ್ರಿ ಜ್ವರ ಮತ್ತು ಕೆಮ್ಮು, ಗಂಟಲು ದ್ರವದ ವರದಿ ಬಂದಿಲ್ಲ, ಹಿರಿಯರು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿದ್ದಾರೆ, ಅತ್ತೆ ಕೇಳುತ್ತಿದ್ದಾಳೆ: ಕೂಸಿಗೆ ಏನು ಕೊಡಲಿ? ಉತ್ತರವನ್ನು ಆಯ್ಕೆಗಳಾಗಿ ಕೊಡದೆ ಅವರ ಮಾತಿನಲ್ಲೇ ಬರೆಸಿ. ಆಮೇಲೆ ಇನ್ನೆರಡು ಪ್ರಶ್ನೆ ಕೇಳಿ. ನೀವು ‘ಕುಡಿಸಿ’ ಎಂದ ಮೇಲೆ ಕೂಸಿಗೆ ಸೋಂಕು ತಗುಲಿದರೆ ಯಾರು ನಿಮ್ಮನ್ನು ಪ್ರಶ್ನಿಸುತ್ತಾರೆ? ನೀವು ‘ಬೇಡ’ ಎಂದ ಮೇಲೆ ಹಾಲು ಬತ್ತಿದರೆ ಯಾರು ಪ್ರಶ್ನಿಸುತ್ತಾರೆ? ಈ ಎರಡು ಉತ್ತರಗಳ ನಡುವಿನ ಅಂತರದಲ್ಲಿ ನೀವು ಹುಡುಕುತ್ತಿರುವ ಮನೋಭಾವ ಸಿಗುತ್ತದೆ.

ರೋಗವನ್ನೂ ಬದಲಿಸಿ ಕೇಳಿ ನೋಡಿ. ಹೆಪಟೈಟಿಸ್ ಬಿ ಇರುವ ತಾಯಿಯ ಕೂಸಿಗೆ 24 ಗಂಟೆಯೊಳಗೆ ಲಸಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಟ್ಟು ಹಾಲುಣಿಸಬಹುದು ಎಂದು ಹಲವರು ಸರಿಯಾಗಿ ಹೇಳುತ್ತಾರೆ. ಎಚ್‌ಐವಿಯಲ್ಲಿ ತಾಯಿ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ, ತೆಗೆದುಕೊಳ್ಳುತ್ತ, ಕೂಸಿಗೆ ನೆವಿರಪಿನ್ ಎಂಬ ತಡೆ ಔಷಧಿ ಕೊಡುತ್ತ ಆರು ತಿಂಗಳು ಎದೆಹಾಲನ್ನು ಮಾತ್ರ ಉಣಿಸಬೇಕು, ಮೇಲಿನ ಹಾಲಿನೊಡನೆ ಬೆರೆಸುವುದೇ ಹೆಚ್ಚು ಅಪಾಯ ಎಂಬುದು ಕೆಲವರಿಗೆ ಗೊತ್ತಿರುತ್ತದೆ. ಹಾಲಿನಲ್ಲಿ ನಿಜವಾಗಿಯೂ ದಾಟಬಲ್ಲ ಸೋಂಕಿನಲ್ಲಿ ಧೈರ್ಯವಾಗಿರುವ ವಿದ್ಯಾರ್ಥಿಯೇ, ಹಾಲಿನಲ್ಲಿ ದಾಟದ ಫ್ಲೂ ಬಂದಾಗ ‘ನಿಲ್ಲಿಸಿ’ ಎನ್ನುವುದನ್ನು ನಾನು ಕಂಡಿದ್ದೇನೆ. ಸುದ್ದಿಯಲ್ಲಿರುವ ರೋಗ ಪಠ್ಯದಲ್ಲಿರುವ ರೋಗಕ್ಕಿಂತ ಹೆಚ್ಚು ಹೆದರಿಸುತ್ತದೆ.

ಹೆಸರಿಲ್ಲದೆ ತುಂಬಿಸಿಕೊಳ್ಳಿ, ನೀವೇ ಆಂತರಿಕ ಅಂಕ ಕೊಡುವವರಾಗಿದ್ದರೆ ಬೇರೆ ವಿಭಾಗದವರಿಂದ ಮಾಡಿಸಿ, ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಿರಿ. ಹುಡುಗರಲ್ಲಿ ಎಷ್ಟು ಮಂದಿ ಹಾಲುಣಿಸುವ ತಾಯಿಯ ಪಕ್ಕ ನಿಂತು ಕೂಸು ಎದೆ ಹಿಡಿದದ್ದನ್ನು ನೋಡಿದ್ದಾರೆ ಎಂದು ಪ್ರತ್ಯೇಕವಾಗಿ ಕೇಳಿ. ಸಂಕೋಚದಿಂದ ಪರದೆಯ ಈಚೆಗೇ ನಿಂತು ‘ಎಲ್ಲ ಸರಿ ಇದೆಯೇನ್ರೀ?’ ಎಂದು ಕೇಳಿ ಮುಂದೆ ಹೋಗುವವರು ಬಹಳ. ಮತ್ತು ದಯವಿಟ್ಟು ವರದಿಯ ಕೊನೆಯಲ್ಲಿ ‘ಜಾಗೃತಿ ಕಾರ್ಯಾಗಾರ ಅಗತ್ಯ’ ಎಂದು ಬರೆದು ಮುಗಿಸಬೇಡಿ. ಹುಬ್ಬಳ್ಳಿಯಲ್ಲಿ 1957ರಿಂದ, ಗದಗದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಧಾರವಾಡದ ಸತ್ತೂರಿನಲ್ಲಿ ಖಾಸಗಿ ಕಾಲೇಜಿದೆ, ಈಗ ಹಾವೇರಿಯಲ್ಲೂ ಹೊಸ ಕಾಲೇಜು ಬಂದಿದೆ. ಉಪನ್ಯಾಸಕ್ಕೆ ಇಲ್ಲಿ ಬರವಿಲ್ಲ. ಇಂಟರ್ನ್ ಹೆರಿಗೆ ವಾರ್ಡಿಗೆ ಬಂದ ಮೊದಲ ವಾರ ಅನುಭವಿ ಸ್ಟಾಫ್ ನರ್ಸ್ ಒಬ್ಬರ ಜೊತೆ ಹಾಕಿ, ದಿನಕ್ಕೆ ಇಬ್ಬರು ತಾಯಂದಿರಿಗೆ ಕೈಯಾರೆ ನೆರವಾಗುವಂತೆ ಮಾಡಿ, ಅದನ್ನು ಲಾಗ್‌ಬುಕ್‌ನಲ್ಲಿ ನರ್ಸ್ ಸಹಿಯೊಂದಿಗೆ ಬರೆಸಿ. ವೈದ್ಯನ ಲಾಗ್‌ಬುಕ್‌ಗೆ ನರ್ಸ್ ಸಹಿಯೇ ಎಂದು ಮೂಗು ಮುರಿಯುವ ಪ್ರಾಧ್ಯಾಪಕರು ಇರುತ್ತಾರೆ. ಎದೆ ಕಟ್ಟಿದ ಬಾಣಂತಿ ರಾತ್ರಿ ಯಾರನ್ನು ಕರೆಯುತ್ತಾಳೆ ಎಂದು ಅವರನ್ನು ಕೇಳಿ.

ಪ್ರಶ್ನೆ: ಧಾರವಾಡದಿಂದ ಬರೆಯುತ್ತಿದ್ದೇನೆ, ಮೊದಲ ಸಲ ತಂದೆಯಾಗುವವನಿದ್ದೇನೆ. ಊರಲ್ಲಿ ಯಾವುದಾದರೂ ಸೋಂಕು ಹಬ್ಬಿರುವಾಗ ಡಬ್ಬಿಯ ಹಾಲೇ ಸುರಕ್ಷಿತವಲ್ಲವೇ? ಪರಿಚಯದ ಒಬ್ಬ ಕಿರಿಯ ವೈದ್ಯರೂ ‘ಒಂದು ಡಬ್ಬಿ ಮನೆಯಲ್ಲಿ ಇಟ್ಟುಕೊಂಡಿರಿ’ ಎಂದರು.

ಉತ್ತರ: ಅಲ್ಲ. ಪುಡಿಯನ್ನು ಕದಡಲು ನೀರು ಬೇಕು, ಬಾಟಲಿ ಬೇಕು, ಅವೆರಡನ್ನೂ ಪ್ರತಿ ಸಲ ಕುದಿಸಲು ಬಿಡುವು ಬೇಕು. ಮನೆಯಲ್ಲಿ ಇಬ್ಬರು ಜ್ವರದಿಂದ ಮಲಗಿರುವಾಗ ಮೊದಲು ತಪ್ಪುವುದು ಆ ಕುದಿಸುವ ಕೆಲಸ. ಡಬ್ಬಿ ಎದುರಿಗಿದ್ದರೆ ರಾತ್ರಿ ಕೂಸು ಅತ್ತಾಗ ಕೈ ಅದರ ಕಡೆಗೇ ಹೋಗುತ್ತದೆ, ಒಂದು ಸಲ ತಪ್ಪಿದ ಎದೆ ಮರುದಿನ ಅಷ್ಟು ಕಡಿಮೆ ಕೊಡುತ್ತದೆ. ಶಿಶು ಹಾಲಿನ ಬದಲಿಗಳು, ಹಾಲೂಡಿಸುವ ಬಾಟಲಿ ಮತ್ತು ಶಿಶು ಆಹಾರಗಳ ಕುರಿತು 1992ರ ಕಾಯ್ದೆಯೊಂದಿದೆ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಯಿತು. ಅದರಂತೆ ಇವುಗಳ ಜಾಹೀರಾತು ನಿಷಿದ್ಧ, ತಾಯಂದಿರಿಗೆ ಉಚಿತ ಮಾದರಿ ಕೊಡುವಂತಿಲ್ಲ, ಆರೋಗ್ಯ ಸಿಬ್ಬಂದಿಗೆ ಉಡುಗೊರೆ ಕೊಡುವಂತಿಲ್ಲ. ನಿಮ್ಮ ಪರಿಚಯದ ವೈದ್ಯರು ಸದುದ್ದೇಶದಿಂದಲೇ ಹೇಳಿರಬಹುದು. ಆದರೂ ‘ಯಾವ ವೈದ್ಯಕೀಯ ಕಾರಣಕ್ಕೆ?’ ಎಂದು ವಿನಯದಿಂದ ಕೇಳಿ ನೋಡಿ. ತಂದೆಯಾಗಿ ನಿಮಗೆ ಬೇರೆ ಕೆಲಸವಿದೆ. ಕೆಮ್ಮುವ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸುವ ನಿಷ್ಠುರತೆ ಬಾಣಂತಿಗೆ ಬರುವುದಿಲ್ಲ, ಅದನ್ನು ನೀವು ಹೊತ್ತುಕೊಳ್ಳಿ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಮಗುವಿಗೆ ಎಂಟು ತಿಂಗಳು. ಫ್ಲೂ ರೋಗಿಗಳ ಪ್ರತ್ಯೇಕ ವಾರ್ಡಿನಲ್ಲಿ ಡ್ಯೂಟಿ ಬಿದ್ದಿದೆ. ಸಹಪಾಠಿಗಳೇ ‘ಇನ್ನಾದರೂ ಹಾಲು ಬಿಡಿಸು’ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಬಿಡಿಸಬೇಡಿ. ಫ್ಲೂ ಲಸಿಕೆ ಹಾಕಿಸಿಕೊಂಡಿಲ್ಲದಿದ್ದರೆ ಹಾಕಿಸಿಕೊಳ್ಳಿ, ಹಾಲುಣಿಸುವವರಿಗೆ ಅದು ಸುರಕ್ಷಿತ. ಆರು ತಿಂಗಳು ದಾಟಿರುವುದರಿಂದ ಮಗುವಿಗೂ ಹಾಕಿಸಬಹುದು. ನಿಮಗೇ ಫ್ಲೂ ಬಂದು ಒಸೆಲ್ಟಾಮಿವಿರ್ ಬೇಕಾದರೂ ಹಾಲು ನಿಲ್ಲಿಸಬೇಕಿಲ್ಲ. ಲಸಿಕೆಯ ವಿಷಯದಲ್ಲಿ ಹಾಲುಣಿಸುವ ವೈದ್ಯೆಯರನ್ನು ನಮ್ಮ ವ್ಯವಸ್ಥೆ ಹೇಗೆ ನಡೆಸಿಕೊಂಡಿತು ಎಂಬುದನ್ನು ಇಲ್ಲಿ ನೆನೆಯಬೇಕು. 2021ರ ಜನವರಿ 16ರಂದು ಕೋವಿಡ್ ಲಸಿಕೆ ಆರಂಭವಾದಾಗ ಆರೋಗ್ಯ ಸಿಬ್ಬಂದಿಗೆ ಮೊದಲ ಸರದಿ ಸಿಕ್ಕರೂ ಹಾಲುಣಿಸುವವರನ್ನು ಹೊರಗಿಡಲಾಗಿತ್ತು. ಅವರಿಗೆ ಒಪ್ಪಿಗೆ ಸಿಕ್ಕಿದ್ದು ಮೇ 19ರಂದು, ಎರಡನೆಯ ಅಲೆಯ ನಡುವೆ. ಲಸಿಕೆ ಬೇಕೆಂದು ಹಾಲು ಬಿಡಿಸುವುದೋ, ಹಾಲು ಬೇಕೆಂದು ಲಸಿಕೆ ಬಿಡುವುದೋ ಎಂದು ಕೇಳಿಕೊಂಡು ನಾಲ್ಕು ತಿಂಗಳು ಅನೇಕರು ಒದ್ದಾಡಿದರು. ಹಾಲಿನ ಬಗೆಗಿನ ಅನುಮಾನ ವೈದ್ಯರಲ್ಲಿ ಅಷ್ಟು ಆಳಕ್ಕಿಳಿಯಲು ಇದೂ ಒಂದು ಕಾರಣವೆಂದು ನನಗನಿಸುತ್ತದೆ.

ವಾರ್ಡಿನಲ್ಲಿ ಸರಿಯಾದ ಮಾಸ್ಕ್, ಡ್ಯೂಟಿ ಮುಗಿದ ಮೇಲೆ ಬಟ್ಟೆ ಬದಲಾವಣೆ, ಕೈ ಮತ್ತು ಮುಖ ತೊಳೆದು ಮಗುವನ್ನು ಮುಟ್ಟುವುದು, ಇಷ್ಟು ಸಾಕು. ಎದೆಯನ್ನು ಪ್ರತಿ ಸಲ ಸೋಪಿನಿಂದ ತೊಳೆಯಬೇಡಿ, ತೊಟ್ಟು ಒಣಗಿ ಬಿರಿಯುತ್ತದೆ. ಹಿಂಡಿದ ಹಾಲು ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನಲ್ಲಿ ಅಷ್ಟನ್ನೂ ನಂಬದೆ ಫ್ರಿಜ್‌ನಲ್ಲಿ ಇಡಿ. ಕೆಲಸಕ್ಕೆ ಮರಳಿದ ತಾಯಿಗೆ ಕೂಸಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಹೆಚ್ಚುವರಿ ಬಿಡುವು ಕೊಡಬೇಕೆಂದು ಹೆರಿಗೆ ಸೌಲಭ್ಯದ ಕಾನೂನು ಹೇಳುತ್ತದೆ. ಸ್ಟೈಪೆಂಡ್ ಪಡೆಯುವವರಿಗೆ ಅದು ಅನ್ವಯಿಸದು ಎಂದು ಆಡಳಿತದವರು ವಾದ ಹೂಡಲೂಬಹುದು. ಆ ವಾದಕ್ಕೆ ಇಳಿಯುವ ಮೊದಲು ಬಿಡುವಿನ ಸಮಯ ಮತ್ತು ಬಾಗಿಲಿಗೆ ಚಿಲಕವಿರುವ ಒಂದು ಕೋಣೆಯನ್ನು ಕೇಳಿ ವಿಭಾಗದ ಮುಖ್ಯಸ್ಥರಿಗೆ ಲಿಖಿತ ಅರ್ಜಿ ಕೊಡಿ. ಬಾಯಿಮಾತಿನಲ್ಲಿ ‘ನೋಡೋಣ’ ಎನ್ನುವವರು ಕಾಗದದ ಮೇಲೆ ‘ಇಲ್ಲ’ ಎಂದು ಬರೆಯಲು ಹಿಂಜರಿಯುತ್ತಾರೆ.

ಪ್ರಶ್ನೆ: ನಾನು ನವಲಗುಂದ ತಾಲ್ಲೂಕಿನ ಆಶಾ ಕಾರ್ಯಕರ್ತೆ. ಕ್ಷಯಕ್ಕೆ ಔಷಧಿ ಶುರು ಮಾಡಿರುವ ಬಾಣಂತಿಗೆ ಶಿಬಿರಕ್ಕೆ ಬಂದಿದ್ದ ಕಲಿಯುವ ಡಾಕ್ಟರೊಬ್ಬರು ಹಾಲು ಬೇಡ ಎಂದಿದ್ದಾರೆ. ನಾನು ಏನು ಹೇಳಲಿ?

ಉತ್ತರ: ಹಾಲು ಮುಂದುವರಿಯಲಿ. ಕ್ಷಯ ದಾಟುವುದು ಕೆಮ್ಮಿನ ಗಾಳಿಯಿಂದ, ಮತ್ತು ಸಾಮಾನ್ಯ ಕ್ಷಯದ ಮಾತ್ರೆಗಳಲ್ಲಿ ಯಾವುದೂ ಹಾಲುಣಿಸುವುದಕ್ಕೆ ಅಡ್ಡಿಯಲ್ಲ. ತಾಯಿ ಮಾಸ್ಕ್ ಧರಿಸಲಿ, ಕಿಟಕಿ ತೆರೆದಿರಲಿ. ಬಾಣಂತಿಯ ಕೋಣೆಯ ಕಿಟಕಿ ಮುಚ್ಚಿ ಅಗ್ಗಿಷ್ಟಿಕೆ ಹೊಗೆ ಹಾಕುವ ರೂಢಿಯನ್ನು ಈ ಮನೆಯಲ್ಲಾದರೂ ಬಿಡಿಸಿ. ಕೂಸನ್ನು ಮಾತ್ರ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಅದಕ್ಕೆ ರೋಗವಿಲ್ಲವೆಂದು ಖಚಿತಪಡಿಸಿಕೊಂಡು ತಡೆಗಾಗಿ ಐಸೊನಿಯಾಜಿಡ್ ಕೊಡುತ್ತಾರೆ, ಬಿಸಿಜಿ ಲಸಿಕೆಯ ಬಗ್ಗೆಯೂ ಅವರೇ ತೀರ್ಮಾನಿಸುತ್ತಾರೆ. ಬಹು ಔಷಧ ನಿರೋಧಕ ಕ್ಷಯವಾಗಿದ್ದರೆ ಈ ಉತ್ತರ ಸಾಲದು, ಜಿಲ್ಲಾ ಕ್ಷಯ ನಿಯಂತ್ರಣ ಅಧಿಕಾರಿಗಳ ಕಚೇರಿಗೆ ತಿಳಿಸಿ. ಇನ್ನೊಂದು ಸಣ್ಣ ಸಂಗತಿಯನ್ನು ಬಾಣಂತಿಗೂ ಅವಳ ಅತ್ತೆಗೂ ಮೊದಲೇ ಹೇಳಿಡಿ: ರಿಫಾಂಪಿಸಿನ್ ಮಾತ್ರೆಯಿಂದ ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ, ಹಾಲಿಗೂ ಕೆಲವೊಮ್ಮೆ ಆ ಛಾಯೆ ಬರಬಹುದು. ಅದು ಔಷಧಿಯ ಬಣ್ಣವಷ್ಟೇ, ಹಾಲು ಕೆಟ್ಟಿಲ್ಲ.